ಗುಜರಿಗೆ ಹೋಗಬೇಕಾದದ್ದು ಕಾರೋ, ನಮ್ಮ ಭ್ರಮೆಯೋ?

ಕಳೆದ ರಾಜ್ಯೋತ್ಸವದ ಸಂಜೆ ಕಾರ್ಯಕ್ರಮ ಮುಗಿದು ಎಲ್ಲರೂ ಹೊರಡುವ ಹೊತ್ತು. ಸಭಾಗೃಹದ ಅಂಗಳದಲ್ಲಿ ನಾನು ನನ್ನ ಕಾರಿನ ಬಾಗಿಲು ತೆಗೆಯುತ್ತಿದ್ದಾಗ ಮಿತ್ರರೊಬ್ಬರು ಹೆಗಲ ಮೇಲೆ ಕೈಯಿಟ್ಟು, "ಏನ್ರೀ, ಇನ್ನೂ ಇದನ್ನ ಓಡಸ್ತೀರೇನು? ಮಗ ಇಷ್ಟು ಛಲೋ ನೌಕರಿಯೊಳಗ ಇದ್ದಾನ, ಒಂದು ಹೊಸಾದು ತಗೋಬಾರದ?" ಎಂದು ಕೇಳಿದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ, ಮರುಕವಿತ್ತು. ಕುಹಕಕ್ಕಾದರೆ ನಿಂತಲ್ಲೇ ಉತ್ತರ ಕೊಡಬಹುದು, ಮರುಕಕ್ಕೆ ಕೊಡುವುದು ಕಷ್ಟ. ಅಂದು ನಕ್ಕು ಸುಮ್ಮನಾದೆ. ಆ ಉತ್ತರವನ್ನು ಇಂದು ಈ ಪುಟಗಳಲ್ಲಿ ಕೊಡುತ್ತಿದ್ದೇನೆ. ಕಾರು ನನ್ನೊಬ್ಬನದೇ ಆದರೂ ಪ್ರಶ್ನೆ ನಮ್ಮಲ್ಲಿ ಬಹಳ ಮನೆಗಳದ್ದು.

ನನ್ನದು 2008ರ ವ್ಯಾಗನ್ ಆರ್, ಪೆಟ್ರೋಲಿನದು. 2023ರಲ್ಲಿ ಅದಕ್ಕೆ ಹದಿನೈದು ತುಂಬಿತು. ಅಂದಿನಿಂದ ಬಂಧುಗಳು, ನೆರೆಹೊರೆಯವರು, ಕೊನೆಗೆ ಸೊಸಾಯಿಟಿಯ ಕಾವಲುಗಾರನೂ ಅದರ ಅಂತ್ಯಕ್ರಿಯೆಗೆ ಮುಹೂರ್ತ ಹುಡುಕುತ್ತಿದ್ದಾರೆ. "ಹದಿನೈದಾತು, ಇನ್ನ ಸರಕಾರನ ಓಡಸಗೊಡೂದಿಲ್ಲ" ಎಂಬುದು ಎಲ್ಲರ ಮಾತು. ಮೊದಲು ಈ ಸುಳ್ಳನ್ನೇ ಗುಜರಿಗೆ ಹಾಕೋಣ.

1988ರ ಮೋಟಾರು ವಾಹನ ಕಾಯಿದೆಯ 41ನೆಯ ಕಲಮಿನ ಪ್ರಕಾರ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷ ಊರ್ಜಿತ. ಅದು ಮುಗಿದ ಮೇಲೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಅವಧಿ ಮುಗಿಯುವ ಹಿಂದಿನ ಅರವತ್ತು ದಿನಗಳೊಳಗೆ ಇಪ್ಪತ್ತೈದನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು, ಗಾಡಿಯನ್ನು ಆರ್.ಟಿ.ಓ. ಕಚೇರಿಗೆ ಒಯ್ದು ತೋರಿಸಬೇಕು. ಪರಿಸರ ತೆರಿಗೆ ಕಟ್ಟಬೇಕು. ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಲ್ಲಿ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಿಂದ 10,000. ಏರಿಕೆ ಕಡಿಮೆಯದಲ್ಲ, ಸರಕಾರ ನಮ್ಮನ್ನು ಮೆಲ್ಲಗೆ ಬಾಗಿಲ ಕಡೆಗೆ ತಳ್ಳುತ್ತಿರುವುದೂ ನಿಜ. ಆದರೆ ತಳ್ಳುವುದು ಬೇರೆ, ಹೊರದಬ್ಬುವುದು ಬೇರೆ.

ಹಾಗಾದರೆ ಈ ಗೊಂದಲ ಎಲ್ಲಿಂದ ಬಂತು? ಮೂರು ಕಡೆಯಿಂದ. ದಿಲ್ಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳನ್ನು ತಡೆಯುವ ಆದೇಶವನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಅದು ದಿಲ್ಲಿಯ ಮಾತು. 2021ರಲ್ಲಿ ಕೇಂದ್ರ ಸರಕಾರ ಗುಜರಿ ನೀತಿಯನ್ನು ಸಾರಿತು. ಅದು ಸ್ವಂತ ಇಚ್ಛೆಯದು. 2023ರ ಏಪ್ರಿಲಿನಿಂದ ಹದಿನೈದು ವರ್ಷ ದಾಟಿದ ವಾಹನಗಳ ನೋಂದಣಿ ರದ್ದಾಯಿತು. ಅದು ಸರಕಾರದ ಸ್ವಂತ ವಾಹನಗಳಿಗೆ. ಈ ಮೂರನ್ನೂ ಕಲಸಿ ಯಾರೋ ಮೊಬೈಲಿನಲ್ಲಿ ಒಂದು ಸಂದೇಶ ಕಳಿಸಿದರು, ನಾವು ನಂಬಿದೆವು. ಪುಣೆಯಲ್ಲಿರುವ ನಿಮ್ಮ ಕಾರಿಗೆ ಕಾನೂನು ಕೇಳುವುದು ಅದರ ಆರೋಗ್ಯವನ್ನು.

ಒಂದು ಎಚ್ಚರಿಕೆಯ ಮಾತು. ನಮ್ಮಲ್ಲಿ ಕೆಲವರು ಇನ್ನೂ ಊರಿನ ನಂಬರಿನಲ್ಲೇ ಗಾಡಿ ಓಡಿಸುತ್ತಾರೆ. ಪುಣೆಯ ಬೀದಿಯಲ್ಲಿ ಕೆಎ-25 ಕಂಡು ಅಪರಿಚಿತರೊಬ್ಬರು "ಧಾರವಾಡದವರೇನ್ರಿ?" ಎಂದು ಮಾತಾಡಿಸುವ ಸುಖ ನನಗೂ ಗೊತ್ತು. ಆದರೆ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲೇ ಇದ್ದರೆ ಇಲ್ಲಿಯ ನಂಬರು ಪಡೆಯಲೇಬೇಕು. ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ, ಇಲ್ಲಿಯ ತೆರಿಗೆ ಎರಡೂ ಬೇಕು. ಆ ಖರ್ಚನ್ನು ರಿಪೇರಿಯ ಲೆಕ್ಕದಲ್ಲೇ ಬರೆದುಕೊಳ್ಳಿ. ಪ್ರೀತಿಯ ಹೆಸರಿನಲ್ಲಿ ಕಾನೂನು ತಪ್ಪಿಸುವುದು ನಾನು ಹೇಳುವ ಮಿತವ್ಯಯವಲ್ಲ.

ಇನ್ನು ಹಣದ ಮಾತು. ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂದವನಿಗೆ ಬಡ್ಡಿಯ ಲೆಕ್ಕ ಬರುತ್ತಿರಲಿಲ್ಲ. ಹೊಸ ಕಾರಿಗೆ ಆರು ಲಕ್ಷ ಸಾಲ, ಶೇಕಡಾ 9 ಬಡ್ಡಿ, ಏಳು ವರ್ಷದ ಅವಧಿ ಎಂದು ಹಿಡಿಯಿರಿ. ತಿಂಗಳ ಕಂತು ಸುಮಾರು 9,650 ರೂಪಾಯಿ. ಏಳು ವರ್ಷಕ್ಕೆ ಕಟ್ಟುವುದು 8 ಲಕ್ಷ 10 ಸಾವಿರ. ಮೊದಲ ವರ್ಷದ ಬಡ್ಡಿಯೇ 51 ಸಾವಿರ. "ಹೊಸದು ಮೈಲೇಜ್ ಕೊಡತದ" ಎನ್ನುವವರು ಇದನ್ನೂ ಕೇಳಬೇಕು: ನಮ್ಮಂಥವರು ವರ್ಷಕ್ಕೆ ಓಡಿಸುವುದು ಐದು ಸಾವಿರ ಕಿಲೋಮೀಟರು. ಹಳೆಯದು ಲೀಟರಿಗೆ 14, ಹೊಸದು 20 ಕೊಟ್ಟರೂ ಉಳಿಯುವುದು 107 ಲೀಟರು. ಲೀಟರಿಗೆ 105 ರೂಪಾಯಿಯಂತೆ ಹನ್ನೊಂದು ಸಾವಿರ ಚಿಲ್ಲರೆ. ಹನ್ನೊಂದು ಸಾವಿರ ಉಳಿಸಲು ಐವತ್ತೊಂದು ಸಾವಿರ ಬಡ್ಡಿ ಕಟ್ಟುವುದಕ್ಕೆ ಉಳಿತಾಯ ಎಂಬ ಹೆಸರೇ?

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು, ಮೇಲಿನ ಸೆಸ್ ಕೂಡ ಹೋಯಿತು. ಕಾರು ಬೇಕಾದವರಿಗೆ ಒಳ್ಳೆಯದೇ. ಆದರೆ ಸಂತೆಯಲ್ಲಿ ಬದನೆಕಾಯಿ ಅಗ್ಗವಾಯಿತೆಂದು ಮೂರು ಚೀಲ ಹೊತ್ತು ತರುವವರಿಲ್ಲ.

ನನ್ನ ಕಾರಿಗೆ ಹದಿನೈದು ತುಂಬಿದಾಗ ಮೊದಲು ಹೋದದ್ದು ಒಂದು ದೊಡ್ಡ ವರ್ಕ್‌ಶಾಪಿಗೆ. ತಂಪು ಕೋಣೆ, ಕಾಫಿ, ನಗುಮೊಗದ ಹುಡುಗ. ಒಂದು ಗಂಟೆಯ ಮೇಲೆ ಕೈಗಿತ್ತ ಅಂದಾಜು ಪಟ್ಟಿಯಲ್ಲಿ 1 ಲಕ್ಷ 18 ಸಾವಿರ. "ಸಾಹೇಬರೇ, ಇದರ ಮೇಲೆ ಇಷ್ಟು ಹಾಕುವುದು ವ್ಯರ್ಥ" ಎಂದು ಅವನೇ ಉಪದೇಶ ಮಾಡಿ, ಪಕ್ಕದ ಕೋಣೆಯ ಮಾರಾಟದ ಮೇಜಿಗೆ ಕರೆದೊಯ್ದ. ರೋಗಿಗೆ ಔಷಧಿ ಬರೆಯಬೇಕಾದವನೇ ಚಟ್ಟದ ವ್ಯಾಪಾರವನ್ನೂ ಇಟ್ಟುಕೊಂಡರೆ ರೋಗಿ ಬದುಕುವುದುಂಟೇ? ಅಲ್ಲಿಂದ ಎದ್ದು ನನ್ನ ಹಳೆಯ ಮೇಸ್ತ್ರಿಯ ಬಳಿಗೆ ಹೋದೆ. ಆತ ಗಾಡಿಯನ್ನು ಎತ್ತಿ, ಅಡಿಯಲ್ಲಿ ದೀಪ ಹಿಡಿದು, ತಗಡನ್ನು ಸುತ್ತಿಗೆಯಿಂದ ತಟ್ಟಿ ನೋಡಿದ. ಕ್ಲಚ್ಚು, ಮುಂದಿನ ಶಾಕ್ ಅಬ್ಸಾರ್ಬರುಗಳು, ಬ್ರೇಕು, ರೇಡಿಯೇಟರು, ಬ್ಯಾಟರಿ, ನಾಲ್ಕು ಟೈರು. ಕೂಲಿಯೂ ಸೇರಿ 62 ಸಾವಿರ. ಸಾಮಾನುಗಳನ್ನು ನಾನೂ ಅವನೂ ನಾನಾ ಪೇಠಿಗೆ ಹೋಗಿ, ಬಿಲ್ಲು ಪಡೆದು ತಂದೆವು. ಹೊಸ ಕಾರಿನ ಆರೂವರೆ ತಿಂಗಳ ಕಂತಿನಲ್ಲಿ ಕೆಲಸ ಮುಗಿಯಿತು.

ರಿಪೇರಿ ಎಂಬುದು ನಮಗೆ ಎಂದಿನಿಂದ ನಾಚಿಕೆಯ ವಿಷಯವಾಯಿತು? ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಗೆ (ನಮ್ಮ ಬಾಯಲ್ಲಿ ಅದು ಕೊನೆಯವರೆಗೂ 'ಫಿಯಾಟ್'!) ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವನ್ನು ಹಿರಿಯರು ಮರೆತಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವವರೆಗೂ ಕಾರೆಂದರೆ ಸಾಕಿ ಸಲಹುವ ವಸ್ತು. ಭಾನುವಾರ ಬಾನೆಟ್ ತೆಗೆದು ಪ್ಲಗ್ಗು ಒರೆಸುವುದು ಗೃಹಸ್ಥನ ಲಕ್ಷಣವೇ ಆಗಿತ್ತು. ಗದುಗಿನ ನೆಲದಿಂದ ಬಂದು ಪುಣೆಯನ್ನು ಮನೆ ಮಾಡಿಕೊಂಡ ಪಂಡಿತ ಭೀಮಸೇನ ಜೋಶಿಯವರಿಗೆ ಕಾರುಗಳ ಮೋಹ ಎಷ್ಟಿತ್ತೆಂಬುದು ಈ ಊರಿಗೆಲ್ಲ ಗೊತ್ತು. ಕಚೇರಿಗಾಗಿ ದೂರದೂರಕ್ಕೆ ತಾವೇ ಕಾರು ನಡೆಸಿಕೊಂಡು ಹೋಗುತ್ತಿದ್ದರು, ಯಂತ್ರದ ಒಳಗುಟ್ಟನ್ನೂ ಬಲ್ಲವರಾಗಿದ್ದರು. ತಂಬೂರಿ ಶ್ರುತಿ ಮಾಡುವ ಕೈಗೆ ಎಂಜಿನ್ ಮುಟ್ಟುವುದು ಹೀನವೆನಿಸಲಿಲ್ಲ. ನಮ್ಮ ಮಕ್ಕಳಿಗೆ ಟೈರಿನ ಗಾಳಿ ನೋಡಲೂ ಆಳು ಬೇಕು.

ಇದನ್ನೆಲ್ಲ ಪುಸ್ತಕ ಓದಿ ಕಲಿತು ಹೇಳುತ್ತಿಲ್ಲ; ತಪ್ಪು ಮಾಡಿ ಕಲಿತದ್ದು. 2004ರಲ್ಲಿ ನನ್ನ ಬಳಿ ಚೆನ್ನಾಗಿ ಓಡುವ ಜೆನ್ ಇತ್ತು. ಊರಲ್ಲಿ ತಂಗಿಯ ಮಗಳ ಮದುವೆ. ಎಲ್ಲರೂ ಬರುವ ಮಂಟಪದ ಮುಂದೆ ಸಣ್ಣ ಕಾರಿನಿಂದ ಇಳಿಯಲು ಮನಸ್ಸು ಒಪ್ಪಲಿಲ್ಲ. ಅದನ್ನು ಕೊಟ್ಟು, ಸಾಲ ಮಾಡಿ, ಉದ್ದನೆಯ ಕಾರು ತಂದೆ. ಮಂಟಪದಲ್ಲಿ ನಾಲ್ಕು ಜನ "ಪುಣೆದವರು ಬಂದ್ರು" ಎಂದರು. ಎರಡು ವರ್ಷದ ಮೇಲೆ ತಂದೆಯವರು ಆಸ್ಪತ್ರೆ ಸೇರಿದಾಗ ನನ್ನ ಕೈಯಲ್ಲಿ ಉಳಿದದ್ದು ಕಂತಿನ ಪುಸ್ತಕ ಒಂದೇ. ಖರ್ಚನ್ನೆಲ್ಲ ಊರಲ್ಲಿ ಮಾಸ್ತರಿಕೆ ಮಾಡುವ ತಮ್ಮ ಹೊತ್ತ. ಅವನು ಎಂದೂ ಎತ್ತಿ ಆಡಲಿಲ್ಲ. ಆ ಕಾರಿನ ಬಣ್ಣ ಯಾವುದೆಂದು ಇಂದು ಕೇಳಿದರೆ ಮದುವೆಗೆ ಬಂದವರಲ್ಲಿ ಒಬ್ಬರೂ ಹೇಳಲಾರರು. ತಮ್ಮನ ಆ ಮೌನ ಮಾತ್ರ ನನಗಿನ್ನೂ ನೆನಪಿದೆ.

ಆದರೆ ಎದುರು ಪಕ್ಷದ ವಾದದಲ್ಲಿ ಹುರುಳಿಲ್ಲವೆಂದರೆ ನಾನು ಸುಳ್ಳು ಹೇಳಿದಂತೆ. ಎಲ್ಲಕ್ಕಿಂತ ಬಲವಾದದ್ದು ಜೀವರಕ್ಷಣೆಯ ವಾದ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ದೇಶದ ಐದು ಜನಪ್ರಿಯ ಸಣ್ಣ ಕಾರುಗಳನ್ನು, ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು, ಢಿಕ್ಕಿ ಹೊಡೆಸಿ ನೋಡಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ. ಬ್ರೇಕು ಹಿಡಿದಾಗ ಗಾಲಿ ಜಾರದಂತೆ ತಡೆಯುವ ಎ.ಬಿ.ಎಸ್. 2019ರ ಏಪ್ರಿಲಿನಿಂದ, ಚಾಲಕನ ಏರ್‌ಬ್ಯಾಗ್ ಅದೇ ಜುಲೈಯಿಂದ ಎಲ್ಲ ಕಾರುಗಳಿಗೆ ಕಡ್ಡಾಯವಾದವು. ನನ್ನ ಕಾರಿನಲ್ಲಿ ಇವೆರಡೂ ಇಲ್ಲ, ಯಾವ ಮೇಸ್ತ್ರಿಯೂ ತಂದು ಜೋಡಿಸಲಾರ. ಮೊಮ್ಮಕ್ಕಳನ್ನು ಹಿಂದೆ ಕೂರಿಸಿಕೊಂಡು ವಾರವಾರ ಖಂಬಾಟಕಿ ಘಾಟು ಇಳಿಯುವವರು ಹಳೆಯ ಕಾರನ್ನು ಬಿಡಲಿ. ಅವರಿಗೆ ನನ್ನ ಲೆಕ್ಕ ಅನ್ವಯಿಸುವುದಿಲ್ಲ.

ಹಳೆಯ ಡೀಸೆಲ್ ಗಾಡಿಯವರಿಗೂ ಅಷ್ಟೆ. ಬಿಎಸ್-3 ಕಾಲದ ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ ನೈಟ್ರೋಜನ್ ಆಕ್ಸೈಡುಗಳ ಮಿತಿ 150 ಮಿಲಿಗ್ರಾಂ ಇತ್ತು, ಇಂದಿನ ಬಿಎಸ್-6ಕ್ಕೆ 60. ಡೀಸೆಲ್ಲಿಗೆ ಆಗ 500, ಈಗ 80. ಮಸಿಯ ಕಣ 50ರಿಂದ ನಾಲ್ಕೂವರೆಗೆ ಇಳಿದಿದೆ. ನಮ್ಮ ಮಿತವ್ಯಯದ ಹೊಗೆಯನ್ನು ಸ್ವಾರಗೇಟಿನ ಬಸ್ಸಿಗೆ ನಿಂತವರು ಏಕೆ ಕುಡಿಯಬೇಕು? ಪೆಟ್ರೋಲ್ ಕಾರಿನವನಾದ ನಾನೂ ಪೂರ್ತಿ ನಿರಪರಾಧಿಯಲ್ಲ. ಕಡಿಮೆ ಓಡಿಸುವುದೊಂದೇ ನನ್ನ ಪ್ರಾಯಶ್ಚಿತ್ತ. ಈಗ ಪಂಪಿನಲ್ಲಿ ಸಿಗುವ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲಿನಿಂದ ಹಳೆಯ ಗಾಡಿಗಳ ಕೆಲವು ರಬ್ಬರು ಭಾಗಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಬದಲಿಸಬೇಕಾಗಬಹುದೆಂದು ಸರಕಾರವೇ 2025ರಲ್ಲಿ ಹೇಳಿದೆ. ದೊಡ್ಡ ಖರ್ಚಲ್ಲ, ಆದರೆ ಮರೆಯಬಾರದು.

"ಎಲ್ಲರೂ ನಿಮ್ಹಂಗ ಕೂತರ ಪಿಂಪ್ರಿ-ಚಿಂಚವಡದ ಕಾರಖಾನೆಗಳೊಳಗಿರೋ ನಮ್ಮ ಹುಡುಗರ ಗತಿ ಏನು?" ಎಂದು ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಮೊದಲ ಕಾರು ಕೊಳ್ಳುವ ಕುಟುಂಬಗಳು ಈ ದೇಶದಲ್ಲಿ ಇನ್ನೂ ಬೇಕಾದಷ್ಟಿವೆ, ಅವರು ಕೊಳ್ಳಲಿ. ಬಿಡಿಭಾಗ ತಯಾರಿಸುವವರೂ ನಮ್ಮ ಹುಡುಗರೇ, ರಿಪೇರಿ ಮಾಡುವ ಮೇಸ್ತ್ರಿಗೂ ಹೊಟ್ಟೆಯಿದೆ.

ಕೊನೆಯ ನೆಪ ಊರಿನದು. "ವರ್ಷಕ್ಕೆ ಎರಡು ಸಲ ಊರಿಗೆ ಹೋಗಬೇಕಲ್ಲ, ಹಳೇ ಗಾಡಿ ನಂಬಿ ಹೆಂಗ ಹೋಗೂದು?" ನಂಬಬೇಡಿ. ಪುಣೆಯಿಂದ ಹುಬ್ಬಳ್ಳಿಗೆ 2024ರಲ್ಲಿ ವಂದೇ ಭಾರತ್ ರೈಲು ಬಂದಿದೆ, ಬೆಳಗಾವಿ ಧಾರವಾಡಗಳ ಮೇಲೇ ಹೋಗುತ್ತದೆ. ಸ್ವಾರಗೇಟಿನಿಂದ ನಮ್ಮ ಬಸ್ಸುಗಳಿವೆ. ವರ್ಷದ ನಾಲ್ಕು ದಿನದ ಪ್ರಯಾಣಕ್ಕಾಗಿ ಉಳಿದ ಮುನ್ನೂರ ಅರವತ್ತು ದಿನ ಕಂತು ಕಟ್ಟುವುದು ಯಾವ ಜಾಣತನ? ಊರಲ್ಲಿ ಕಾಯುವ ತಾಯಿಗೆ ಬೇಕಾದದ್ದು ನೀವು. ಕಾರು ನೋಡಲು ಬರುವವರು ನೆರೆಮನೆಯವರು.

ಹಾಗಾದರೆ ನಿರ್ಧರಿಸುವುದು ಹೇಗೆ? ನಂಬಿಗಸ್ತ ಮೇಸ್ತ್ರಿಯಿಂದ ಗಾಡಿಯ ಅಡಿಭಾಗ ನೋಡಿಸಿ. ತಳದ ಚೌಕಟ್ಟಿಗೆ ತುಕ್ಕು ಹಿಡಿದಿದ್ದರೆ ಮಾತು ಮುಗಿಯಿತು, ಬಿಡಿ. ಬ್ರೇಕು, ಸ್ಟಿಯರಿಂಗುಗಳಿಗೆ ಅಸಲಿ ಸಾಮಾನು ಸಿಗದಿದ್ದರೂ ಬಿಡಿ. ಒಂದು ನೋಟುಪುಸ್ತಕದಲ್ಲಿ ರಿಪೇರಿಯ ಪ್ರತಿ ರೂಪಾಯಿ ಬರೆಯಿರಿ; ಸತತ ಎರಡು ವರ್ಷ ಆ ಮೊತ್ತ ಹೊಸ ಕಾರಿನ ಕಂತನ್ನು ಮೀರಿದರೆ ಆಗಲೂ ಬಿಡಿ. ಬಿಡುವಾಗ ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಟ್ಟು ಪ್ರಮಾಣಪತ್ರ ಪಡೆಯಿರಿ. ಹೊಸದನ್ನು ಕೊಳ್ಳುವುದಾದರೆ ತೆರಿಗೆಯಲ್ಲಿ ರಿಯಾಯಿತಿಯಿದೆ, ನಿಮ್ಮ ನಂಬರು ದುರುಪಯೋಗವಾಗುವ ಭಯವೂ ಇಲ್ಲ. ಅಪ್ಪನ ನೆನಪೆಂದು ತುಕ್ಕು ತಿಂದ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸುವುದೂ ಒಂದು ಭ್ರಮೆಯೇ. ಇವು ಯಾವುವೂ ಅಲ್ಲದಿದ್ದರೆ ರಿಪೇರಿ ಮಾಡಿಸಿ, ತಲೆಯೆತ್ತಿ ಓಡಿಸಿ.

ನನ್ನ ಕಾರಿನ ನೋಂದಣಿ 2028ರವರೆಗೆ ಇದೆ. ಮಿತ್ರರೇ, ಮುಂದಿನ ರಾಜ್ಯೋತ್ಸವಕ್ಕೆ ಅದರಲ್ಲೇ ಬರುತ್ತೇನೆ. ಮರುಕವಿದ್ದರೆ ಹತ್ತಿರ ಬಂದು ಕೇಳಿ; ನೋಟುಪುಸ್ತಕ ಗಾಡಿಯ ಖಾನೆಯಲ್ಲೇ ಇರುತ್ತದೆ, ತೋರಿಸುತ್ತೇನೆ. ಆಮೇಲೆ ನಿಮ್ಮ ಕಂತಿನ ಪುಸ್ತಕವನ್ನೂ ತೆಗೆಯಿರಿ. ಇಬ್ಬರೂ ಕೂತು ಓದೋಣ.