ಬಾಗಿಲ ಮುಂದಿನ ಸಸಿಯನ್ನು ಸಾಯಗೊಡಬಾರದು



ವಿಶ್ವಸಂಸ್ಥೆಯು 1972ರಲ್ಲಿ ಜೂನ್ 5ನೆಯ ತಾರೀಖನ್ನು ಪರಿಸರ ದಿನವೆಂದು ಗೊತ್ತುಮಾಡಿತು. ಆ ದಿನ ಬಂದಾಗ ನಮ್ಮ ಲೈನುಗಳಲ್ಲಿಯೂ ಸಸಿ ನೆಡುತ್ತೇವೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಮುಂದಿನ ಫೆಬ್ರವರಿಯಲ್ಲಿ ನೋಡಿದರೆ ಅಲ್ಲಿ ಒಣಗಿದ ಕಡ್ಡಿ ಮಾತ್ರ ನಿಂತಿರುತ್ತದೆ. ಹೀಗೇಕೆ?

ನಮಗೆ ಕೆಲಸ ತಿಳಿಯದೆಂದು ಹೇಳುವಂತಿಲ್ಲ. ಗೂಡಲೂರು, ಪಂದಲೂರು ಕಡೆಯ ಟೀ ತೋಟಗಳ ನರ್ಸರಿಯಲ್ಲಿ ಕೂಲಿಗೆ ಕುಳಿತು ಕವರಿಗೆ ಮಣ್ಣು ತುಂಬಿದವರು ನಾವೇ. ಒಂದೆಲೆಯ ಕಡ್ಡಿಯನ್ನು ಊರಿ, ನೆರಳು ಕಟ್ಟಿ, ನೀರು ಚಿಮುಕಿಸಿ, ಬೇರು ಬಂದ ಮೇಲೆ ಸ್ವಲ್ಪಸ್ವಲ್ಪವಾಗಿ ಬಿಸಿಲಿಗೆ ಒಗ್ಗಿಸಿದವರು ನಮ್ಮ ಹೆಂಗಸರು. ಅಂಥವರ ಮನೆಯ ಮುಂದೆ ಒಂದು ನಿಂಬೆ ಸಸಿ ಉಳಿಯಲಿಲ್ಲವೆಂದರೆ ಕೊರತೆ ಕೈಯಲ್ಲಿಲ್ಲ, ಮನಸ್ಸಿನಲ್ಲಿದೆ. "ಮನೆ ತೋಟದ್ದು, ರಿಟೈರಾದರೆ ಬಿಟ್ಟು ಹೋಗಬೇಕು, ಮರ ಬೆಳೆಸಿ ಯಾರಿಗೆ?" ಎನ್ನುತ್ತೇವೆ.

ಈ ಮಾತಿಗೆ ಕಾರಣವಿಲ್ಲದಿಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯು ದುಡಿಯುವವರಿಗೆ ಮನೆ ಕೊಡಬೇಕೆಂದಿತು. ನೆಲವನ್ನು ನಮ್ಮದಾಗಿ ಮಾಡಲಿಲ್ಲ. ನಾವು ಬಲ್ಲ ಒಬ್ಬ ತಾಯಿ ಇಪ್ಪತ್ತು ವರ್ಷ ಸಾಕಿದ ಬಟರ್ ಫ್ರೂಟ್ ಮರವನ್ನು ಬಿಟ್ಟು, ಪೆಟ್ಟಿಗೆ ಹೊತ್ತುಕೊಂಡು ಹೋದರು. ಆ ನೋವು ಸಣ್ಣದಲ್ಲ. ಆದರೂ ಆ ಲೈನಿನ ಮಕ್ಕಳು ಇಂದಿಗೂ ಆ ಮರದ ಹಣ್ಣು ತಿನ್ನುತ್ತಿದ್ದಾರೆ. ಬಾಬೆಲಿಗೆ ಸೆರೆಹೋದ ಜನರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರವನ್ನು (29ನೆಯ ಅಧ್ಯಾಯ) ನೆನೆಯೋಣ. ಪರರ ನೆಲದಲ್ಲಿಯೇ ತೋಟ ಮಾಡಿ ಅದರ ಫಲ ಉಣ್ಣಬೇಕೆಂದು ಅವನು ಅವರಿಗೆ ತಿಳಿಸಿದನು.

ಹಾಗಾದರೆ ಏನು ನೆಡೋಣ? ಲೈನಿನ ಹತ್ತಿರ ಹಲಸು ಬೇಡವೆನ್ನುತ್ತೇವೆ. ಹಣ್ಣಿನ ವಾಸನೆಗೆ ಆನೆ ಬಾಗಿಲಿಗೆ ಬರುವುದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನಿಂಬೆ, ಕರಿಬೇವು, ಬಟರ್ ಫ್ರೂಟ್ ಸಾಕು. ಬಟರ್ ಫ್ರೂಟ್ ಗೋಡೆಯಿಂದ ಇಪ್ಪತ್ತು ಅಡಿಯಾದರೂ ದೂರವಿರಲಿ. ಒಂದೂವರೆ ಅಡಿ ಗುಂಡಿ ತೆಗೆದು, ಮೇಲ್ಮಣ್ಣಿಗೆ ಹಳೆಯ ಗೊಬ್ಬರ ಬೆರೆಸಿ, ಕವರನ್ನು ಹರಿದು, ಬೇರಿನ ಮಣ್ಣು ಒಡೆಯದಂತೆ ಸಸಿಯನ್ನು ಇಡಿರಿ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲಬಾರದು. ಜನವರಿಯಿಂದ ಏಪ್ರಿಲ್‌ವರೆಗೆ ಬುಡದ ಸುತ್ತ ತರಗೆಲೆ ಹೊದಿಸಿ, ವಾರಕ್ಕೆ ಎರಡು ಸಲ ಒಂದು ಕೊಡ ನೀರು ಹಾಕಿರಿ. ಅಕ್ಕಿ ತೊಳೆದ ನೀರಾದರೂ ಸರಿ, ಸೋಪಿನ ನೀರು ಬೇಡ. ಆಡು ಬಾಯಿಹಾಕದಂತೆ ಮುಳ್ಳು ಕಟ್ಟಿರಿ. ಎರಡು ಬೇಸಿಗೆ ದಾಟಿದ ಸಸಿ ಬಹುಮಟ್ಟಿಗೆ ಬದುಕಿಕೊಳ್ಳುತ್ತದೆ.

ನಮ್ಮ ಸಂಘಕ್ಕೂ ಒಂದು ಮಾತು. ಕೂಲಿ, ಬೋನಸ್ಸಿನ ಬೇಡಿಕೆಗಳ ಜೊತೆಗೆ ಇದನ್ನೂ ಸೇರಿಸೋಣ: ಕೂಲಿಗಾರರು ಮನೆಯ ಮುಂದೆ ಬೆಳೆಸಿದ ಹಣ್ಣಿನ ಮರವನ್ನು ಅವರನ್ನು ಕೇಳದೆ ಕಡಿಯಬಾರದು, ಅದರ ಫಲ ಲೈನಿನವರಿಗೇ ಸೇರಬೇಕು. ಇದನ್ನು ಆಡಳಿತದವರು ಬರಹದಲ್ಲಿ ಕೊಡಲಿ. ಸಣ್ಣ ಬೇಡಿಕೆಯೆಂದು ಯಾರೂ ನಗಬೇಡಿರಿ. ಬಾಡಿಗೆಯಿಲ್ಲದ ಮನೆಯೂ ಒಂದು ಕಾಲದಲ್ಲಿ ಬೇಡಿಕೆಯೇ ಆಗಿತ್ತು.

ಆದರೆ ಬರಹ ಬರುವವರೆಗೆ ಮಳೆ ಕಾಯುವುದಿಲ್ಲ. ಈ ಮಳೆಗೆ ಮೂರು ಮನೆಗೆ ಒಂದು ಸಸಿಯಂತೆ ನೆಟ್ಟು, ನೀರು ಹಾಕುವ ಸರದಿಯನ್ನು ಹೆಸರು ಬರೆದು ಗೊತ್ತುಮಾಡಿಕೊಳ್ಳೋಣ. ಹತ್ತು ನೆಟ್ಟು ಒಣಗಿಸುವುದಕ್ಕಿಂತ ಒಂದು ನೆಟ್ಟು ಉಳಿಸುವುದು ಮೇಲು.