ಬೀಗದ ಕೈ ಯಾರಲ್ಲಿದೆ?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಮುಂದಾಲೋಚನೆಯಿಲ್ಲದವರನ್ನು ಹಂಗಿಸಲು ನಮ್ಮ ಹಿರಿಯರು ಆಡಿದ ಮಾತು ಅದು. ಕಳೆದ ವರ್ಷದವರೆಗೆ ನಾನೂ ಅದನ್ನು ಪೂರ್ಣಸತ್ಯವೆಂದೇ ನಂಬಿದ್ದೆ. ಆದರೆ ಬಾವಿಯನ್ನು ಮೊದಲೇ ತೋಡಿಟ್ಟಿದ್ದು, ಅಲ್ಲಿಗೆ ಹೋಗುವ ಬಾಗಿಲಿಗೆ ಬೀಗ ಜಡಿದಿದ್ದರೆ ಏನು ಮಾಡಬೇಕೆಂಬುದನ್ನು ಆ ಗಾದೆ ಹೇಳುವುದಿಲ್ಲ. ಈ ಸಂದೇಹ ನನಗೆ ಹುಟ್ಟಿದುದು ಒಂದು ಆಸ್ಪತ್ರೆಯಲ್ಲಿ.

ನನ್ನ ಅಜ್ಜಿ ಸೊಂಟದ ಮೂಳೆ ಮುರಿದುಕೊಂಡು ಹನ್ನೊಂದು ದಿನ ಆಸ್ಪತ್ರೆಯ ಮೂರನೆಯ ಅಂತಸ್ತಿನಲ್ಲಿ ಮಲಗಿದ್ದರು. ರಾತ್ರಿಯ ಹೊತ್ತು ಅವರನ್ನು ನೋಡಿಕೊಳ್ಳುವ ಕೆಲಸ ನನ್ನದು. ವಾರ್ಡಿನ ತುದಿಯಲ್ಲಿ ಒಂದು ಬಾಗಿಲು. ಅದರ ಮೇಲೆ ಹಸಿರು ಅಕ್ಷರಗಳಲ್ಲಿ ‘ತುರ್ತು ನಿರ್ಗಮನ’ ಎಂಬ ಫಲಕ. ಫಲಕದ ಕೆಳಗೆ ಅಂಗೈಯಗಲದ ಬೀಗ. ಪಕ್ಕದ ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು ಹಬ್ಬದ ದಿನದ ಬಸವನಂತೆ ಥಳಥಳಿಸುತ್ತಿದ್ದಿತು.

“ಅಣ್ಣಾ, ಈ ಬೀಗದ ಕೈ ಯಾರ ಹತ್ತಿರ ಇದೆ?” ಎಂದು ಕಾವಲುಗಾರನನ್ನು ಕೇಳಿದೆ.

“ಆಫೀಸಿನಲ್ಲಿರಬೇಕಪ್ಪ. ಬೆಳಿಗ್ಗೆ ಒಂಬತ್ತಕ್ಕೆ ತೆಗೀತಾರೆ. ಬೀಗ ಹಾಕದಿದ್ದರೆ ನಿಮ್ಮಂಥವರೇ ಹೊತ್ತಲ್ಲದ ಹೊತ್ತಿನಲ್ಲಿ ಒಳಗೆ ನುಗ್ಗುತ್ತೀರಲ್ಲ!” ಎಂದ.

ಆತ ಹೇಳಿದುದರಲ್ಲಿ ಸುಳ್ಳಿರಲಿಲ್ಲ. ಉಳಿದಿದ್ದ ಒಂದೇ ಮೆಟ್ಟಿಲಸಾಲಿನಲ್ಲಿ ರಾತ್ರಿ ಹತ್ತರ ಮೇಲೆ ರೋಗಿಗಳ ಕಡೆಯವರು ಚಾಪೆ ಹಾಸಿ, ಬುತ್ತಿಯ ಚೀಲಗಳನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದರು. ಅವರಲ್ಲಿ ನಾನೂ ಒಬ್ಬ. ಅಜ್ಜಿಗೆ ಬಿಸಿನೀರು ಕಾಯಿಸಲು ಮಂಚದ ಪಕ್ಕದ ಪ್ಲಗ್ಗಿಗೆ ಮನೆಯಿಂದ ತಂದ ವಿದ್ಯುತ್ ಕೆಟಲನ್ನು ಸಿಕ್ಕಿಸಿದವನೂ ನಾನೇ. ಆ ಬಾಗಿಲಿಗೆ ಆಡಳಿತದವರು ಬೀಗ ಹಾಕಿದ್ದರೆ, ಮೆಟ್ಟಿಲಿಗೆ ಬೀಗವಾಗಿದ್ದವರು ನಾವು. ಆದುದರಿಂದ ಈ ಲೇಖನ ಇತರರ ಮೇಲೆ ದೋಷ ಹೊರಿಸುವುದಕ್ಕಾಗಿ ಬರೆದುದಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಇದು ಹೆದರುಪುಕ್ಕಲನ ಕಲ್ಪನೆಯೆಂದು ಯಾರಾದರೂ ನಗಬಹುದು. 2011ರ ಡಿಸೆಂಬರ್ 9ರ ಬೆಳಗಿನ ಜಾವ ಕೋಲ್ಕತ್ತದ ಢಾಕುರಿಯಾದಲ್ಲಿ ಎಎಂಆರ್‌ಐ ಆಸ್ಪತ್ರೆಗೆ ಬೆಂಕಿ ಬಿದ್ದಿತು. ವಾಹನಗಳಿಗೆಂದು ಇದ್ದ ನೆಲಮಾಳಿಗೆಯಲ್ಲಿ ಬೇಗನೆ ಹೊತ್ತಿಕೊಳ್ಳುವ ಸಾಮಾನುಗಳನ್ನು ತುಂಬಿದ್ದರು. ಬೆಂಕಿ ಹುಟ್ಟಿದುದು ಅಲ್ಲಿ; ಆದರೆ ಜನರು ಸತ್ತದ್ದು ಮೇಲಿನ ಅಂತಸ್ತುಗಳಲ್ಲಿ. ಹವಾನಿಯಂತ್ರಣದ ಕೊಳವೆಗಳ ಮೂಲಕ ಹೊಗೆ ಮೇಲೇರಿತು. ಗಾಜಿನಿಂದ ಮುಚ್ಚಿದ್ದ ಕಟ್ಟಡದಿಂದ ಅದು ಹೊರಹೋಗಲು ದಾರಿಯಿರಲಿಲ್ಲ. ಸುಮಾರು 90 ಮಂದಿ ಮಡಿದರು. ಹೆಚ್ಚಿನವರನ್ನು ಕೊಂದದ್ದು ಉರಿಯಲ್ಲ, ಹೊಗೆ. ನೆರೆಯ ಬಡವರ ಕೇರಿಯ ಜನ ಹೊಗೆ ಕಂಡು ನೆರವಿಗೆ ಓಡಿಬಂದಾಗ ಕಾವಲುಗಾರರು ಅವರನ್ನು ಮೊದಲು ಹಿಂದಕ್ಕೆ ಕಳುಹಿಸಿದರೆಂದು ಪತ್ರಿಕೆಗಳು ವರದಿ ಮಾಡಿದವು. ಕೇರಳದ ಇಬ್ಬರು ತರುಣ ದಾದಿಯರು ರೋಗಿಗಳನ್ನು ಹೊರಸಾಗಿಸುತ್ತ ತಾವೇ ಪ್ರಾಣ ತೆತ್ತರು. ಅಲ್ಲಿ ಕೊರತೆಯಾದುದು ಧೈರ್ಯವಲ್ಲ, ಮುನ್ನೇರ್ಪಾಡು.

ಆ ಪಾಠವನ್ನು ದೇಶ ಕಲಿಯಿತೇ? 2021ರ ಜನವರಿ 9ರ ನಸುಕಿನಲ್ಲಿ ಮಹಾರಾಷ್ಟ್ರದ ಭಂಡಾರಾ ಜಿಲ್ಲಾಸ್ಪತ್ರೆಯಲ್ಲಿ ನವಜಾತ ಶಿಶುಗಳ ಘಟಕಕ್ಕೆ ಬೆಂಕಿ ಬಿದ್ದು 10 ಹಸುಗೂಸುಗಳು ತೀರಿಕೊಂಡವು. 2024ರ ನವೆಂಬರ್ 15ರ ರಾತ್ರಿ ಝಾನ್ಸಿಯ ವೈದ್ಯಕೀಯ ಕಾಲೇಜಿನಲ್ಲಿ ಮತ್ತೆ ಅಂಥದೇ ಘಟಕದಲ್ಲಿ ಕನಿಷ್ಠ 10 ಶಿಶುಗಳು ಸತ್ತವು. ಇವೆರಡಕ್ಕೂ ಮೊದಲೇ, 2020ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರತಿಯೊಂದು ಕೋವಿಡ್ ಆಸ್ಪತ್ರೆಯಲ್ಲಿ ಅಗ್ನಿಸುರಕ್ಷತೆಯ ಹೊಣೆ ಹೊರುವ ಒಬ್ಬ ಅಧಿಕಾರಿ ಇರಬೇಕೆಂದು ಆಜ್ಞಾಪಿಸಿತ್ತು. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಆಸ್ಪತ್ರೆಯಲ್ಲ, ಕಚೇರಿಗಳಿದ್ದ ಕಟ್ಟಡ. ಅಲ್ಲಿ 2010ರ ಫೆಬ್ರವರಿ 23ರಂದು 9 ಜನ ಸತ್ತರು. ಹೊಗೆ ತಾಳಲಾರದೆ ಮೇಲಿನಿಂದ ಹಾರಿದವರೂ ಅವರಲ್ಲಿದ್ದರು. ಕೈಕಾಲು ಗಟ್ಟಿಯಿದ್ದವರ ಪಾಡೇ ಹೀಗಾದರೆ ಹಾಸಿಗೆ ಹಿಡಿದವರ ಪಾಡೇನು?

ಆಸ್ಪತ್ರೆಗೂ ಇತರ ಕಟ್ಟಡಗಳಿಗೂ ಇರುವ ಭೇದ ಇಲ್ಲಿಯೇ ಇದೆ. ಚಿತ್ರಮಂದಿರದಲ್ಲಿ “ಬೆಂಕಿ!” ಎಂದರೆ ಜನ ಎದ್ದು ಓಡಬಲ್ಲರು. ಆಸ್ಪತ್ರೆಯಲ್ಲಿ ಒಬ್ಬನ ಕಾಲಿಗೆ ತೂಕ ಕಟ್ಟಿದೆ, ಇನ್ನೊಬ್ಬಳಿಗೆ ಪ್ರಜ್ಞೆಯಿಲ್ಲ, ಮತ್ತೊಬ್ಬನ ಉಸಿರು ಯಂತ್ರದ ಕೈಯಲ್ಲಿದೆ. ಮೇಲಾಗಿ ಅಲ್ಲಿ ಆಮ್ಲಜನಕವಿದೆ. ನಾವು ಉಸಿರಾಡುವ ಗಾಳಿಯಲ್ಲಿ ಅದರ ಪಾಲು ನೂರಕ್ಕೆ 21. ಸೋರಿಕೆಯಿಂದ ಅದು ಸ್ವಲ್ಪವೇ ಹೆಚ್ಚಿದರೂ ಬಟ್ಟೆ, ಹಾಸಿಗೆಗಳು ಮಾಮೂಲಿಗಿಂತ ಬಹು ಬೇಗ ಹೊತ್ತಿಕೊಳ್ಳುತ್ತವೆ. ಅಗ್ನಿಶಾಮಕ ದಳದವರು ಎಷ್ಟೇ ಶೀಘ್ರವಾಗಿ ಬಂದರೂ ಮೊದಲ ಕೆಲವು ನಿಮಿಷಗಳು ವಾರ್ಡಿನಲ್ಲಿದ್ದವರ ಪಾಲಿಗೇ ಬರುತ್ತವೆ. ಆ ನಿಮಿಷಗಳಲ್ಲಿ ಯಾರು ಏನು ಮಾಡಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು. ಸಿದ್ಧತೆಯೆಂದರೆ ಗೋಡೆಯ ಮೇಲಿನ ಕೆಂಪು ಸಿಲಿಂಡರಲ್ಲ, ಈ ನಿಶ್ಚಯ.

ಬಲ್ಲವರು ಹೇಳುವ ಕ್ರಮ ಕಠಿನವೇನೂ ಅಲ್ಲ. ಮೊದಲು ಬೆಂಕಿಯ ಬಳಿಯಿರುವವರನ್ನು ಅಲ್ಲಿಂದ ಸರಿಸುವುದು. ಕೂಡಲೇ ಗಂಟೆ ಬಾರಿಸಿ 101 ಅಥವಾ 112ಕ್ಕೆ ತಿಳಿಸುವುದು. ಆ ಕೋಣೆಯ ಬಾಗಿಲನ್ನು ಮುಚ್ಚುವುದು. ಬೆಂಕಿ ಚಿಕ್ಕದಾಗಿದ್ದರೆ ಮಾತ್ರ ಆರಿಸಲು ಯತ್ನಿಸುವುದು. ಮುಚ್ಚಿದ ಬಾಗಿಲು ಹೊಗೆಯನ್ನು ಬಹಳ ಹೊತ್ತು ತಡೆಯುತ್ತದೆ. ರೋಗಿಗಳನ್ನು ಒಮ್ಮೆಲೇ ಮೆಟ್ಟಿಲಿಳಿಸಬೇಕಾಗಿಲ್ಲ. ಅದೇ ಅಂತಸ್ತಿನಲ್ಲಿ ಬೆಂಕಿ ತಡೆಯುವ ಬಾಗಿಲಿನಾಚೆಯ ಭಾಗಕ್ಕೆ ಅಡ್ಡಲಾಗಿ ಸಾಗಿಸಿದರೆ ಮೊದಲ ಹಂತ ಮುಗಿಯಿತು. ನಡೆಯಬಲ್ಲವರನ್ನು ಒಬ್ಬರು ಒಟ್ಟಾಗಿ ಕರೆದೊಯ್ಯಬಹುದು. ಏಳಲಾರದವರನ್ನು ಹಾಸಿಗೆಯ ದುಪ್ಪಟಿಯಲ್ಲೇ ನೆಲದ ಮೇಲೆ ಎಳೆದೊಯ್ಯಲು ಇಬ್ಬರು ಸಾಕು. ಲಿಫ್ಟನ್ನು ಉಪಯೋಗಿಸಲಾಗದು. ಆಮ್ಲಜನಕದ ಕವಾಟ ಎಲ್ಲಿದೆ, ಅದನ್ನು ಮುಚ್ಚುವ ಅಧಿಕಾರ ಯಾರಿಗಿದೆ, ಮುಚ್ಚಿದರೆ ಯಾವ ರೋಗಿಗೆ ಬೇರೆ ಸಿಲಿಂಡರು ಬೇಕು ಎಂಬುದು ರಾತ್ರಿಪಾಳಿಯ ದಾದಿಗೂ ಗೊತ್ತಿರಬೇಕು. ಅವಘಡ ಗಡಿಯಾರ ನೋಡಿಕೊಂಡು ಬರುವುದಿಲ್ಲವಾದುದರಿಂದ, ಇದನ್ನೆಲ್ಲ ಹಗಲಿನಲ್ಲಿ ಮಾತ್ರವಲ್ಲ, ರಾತ್ರಿಯೂ ಕವಾಯತು ಮಾಡಿ ರೂಢಿಸಬೇಕು.

“ಔಷಧಿಗೇ ಹಣವಿಲ್ಲದ ಬಡದೇಶದಲ್ಲಿ ಇದೆಲ್ಲ ಸಾಧ್ಯವೇ?” ಎಂದು ಕೇಳುವವರಿದ್ದಾರೆ. ನೀರು ಸಿಂಪಡಿಸುವ ಕೊಳವೆಗಳಿಗೆ, ಹಳೆಯ ವಿದ್ಯುತ್ ತಂತಿಗಳನ್ನು ಬದಲಾಯಿಸುವುದಕ್ಕೆ ಹಣ ಬೇಕು, ನಿಜ. ಸರ್ಕಾರ ಅದನ್ನು ಒದಗಿಸಲೇಬೇಕು. ಆದರೆ ನೆಲಮಾಳಿಗೆಯ ಹಳೆಯ ಹಾಸಿಗೆಗಳನ್ನು ಹೊರಹಾಕುವುದಕ್ಕೆ, ಮೆಟ್ಟಿಲನ್ನು ತೆರವಾಗಿಡುವುದಕ್ಕೆ, ತಿಂಗಳಿಗೊಮ್ಮೆ ಅರ್ಧ ಗಂಟೆ ಕವಾಯತು ನಡೆಸುವುದಕ್ಕೆ ಎಷ್ಟು ಖರ್ಚು? ಕಳ್ಳರ ಭಯಕ್ಕೂ ಉಪಾಯವಿದೆ. ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯಲಾಗದ ಅಡ್ಡಪಟ್ಟಿಯ ಬಾಗಿಲುಗಳು ಪೇಟೆಯಲ್ಲಿ ದೊರೆಯುತ್ತವೆ. ಇನ್ನು, ರೋಗಿಯ ಕಡೆಯವರಿಗೆ ಮಲಗಲು ಒಂದು ಹಜಾರವಿಲ್ಲದೆ ಅವರನ್ನು ಮೆಟ್ಟಿಲಿನಿಂದ ಎಬ್ಬಿಸುವುದು ನ್ಯಾಯವಲ್ಲ. ಅಂಥ ಹಜಾರವನ್ನೂ ಅಗ್ನಿಸುರಕ್ಷತೆಯ ಲೆಕ್ಕಕ್ಕೇ ಸೇರಿಸಬೇಕೆಂಬುದು ನನ್ನ ನಮ್ರ ಅಭಿಪ್ರಾಯ.

ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಇದರ ಗೊಡವೆ ಏಕೆಂದು ಗೆಳೆಯರು ಕೇಳಬಹುದು. ಆಸ್ಪತ್ರೆಗೆ ವೈದ್ಯರ ಮಕ್ಕಳು ಮಾತ್ರ ಹೋಗುವುದಿಲ್ಲ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗಾಗಿ ಆ ದಿನವನ್ನು ದೇಶದಲ್ಲೆಲ್ಲ ಅಗ್ನಿಶಾಮಕ ದಿನವಾಗಿ ಆಚರಿಸುತ್ತಾರೆ. ಮುಂದಿನ ಏಪ್ರಿಲಿನಲ್ಲಿ ನಮ್ಮ ಕಾಲೇಜಿನ ಎನ್.ಎಸ್.ಎಸ್. ಘಟಕವು ಭಾಷಣಸ್ಪರ್ಧೆಯೊಂದನ್ನು ಏರ್ಪಡಿಸಿ ಕೈತೊಳೆದುಕೊಳ್ಳದಿರಲಿ. ಊರಿನ ಅಗ್ನಿಶಾಮಕ ಠಾಣೆಯವರನ್ನು ಕರೆಸಿ, ದುಪ್ಪಟಿಯಲ್ಲಿ ಮನುಷ್ಯನನ್ನು ಸಾಗಿಸುವ ಬಗೆಯನ್ನು ನಾವೇ ಕಲಿಯೋಣ. ಬಳಿಕ ಅವರೊಡನೆ ಆಸ್ಪತ್ರೆಗೆ ಹೋಗಿ ಕವಾಯತಿನಲ್ಲಿ ರೋಗಿಗಳ ಪಾತ್ರ ವಹಿಸೋಣ. ಪ್ರಾಂಶುಪಾಲರೂ ಅಧ್ಯಾಪಕರೂ ಇದಕ್ಕೆ ಅನುಮತಿಸುವರೆಂದು ನಂಬಿದ್ದೇನೆ. ಅದಕ್ಕೂ ಮೊದಲು ನಮ್ಮ ಹಾಸ್ಟೆಲಿನ ಹಿಂಬಾಗಿಲನ್ನು ಒಮ್ಮೆ ನೋಡಿಬರೋಣ.

ಕೊನೆಗೊಂದು ಮಾತು. ಬೀಗದ ವಿಷಯವನ್ನು ನಾನು ಅಜ್ಜಿಗೆ ನಗುತ್ತಲೇ ಹೇಳಿದ್ದೆ. ಅವರು ನಗಲಿಲ್ಲ. “ನನ್ನನ್ನಾದರೆ ನೀನು ಹೇಗೋ ಎತ್ತಿಕೊಂಡು ಹೋಗ್ತೀಯ ಮಗಾ. ಆ ಆಚೆ ಮಂಚದವಳಿಗೆ ಯಾರೂ ಬಂದಿಲ್ಲವಲ್ಲ, ಅವಳನ್ನು ಯಾರು ಎತ್ತಬೇಕು?” ಎಂದರು. ಮೂವತ್ತು ಮಂಚಗಳಿಗೆ ಆ ರಾತ್ರಿ ಇದ್ದವರು ಇಬ್ಬರು ಸಿಸ್ಟರುಗಳು. ನಾನು ಉತ್ತರ ಹೇಳಲಾರದೆ ಎದ್ದುಹೋಗಿ ಕೆಟಲಿನ ಪ್ಲಗ್ಗನ್ನು ಕಿತ್ತೆ. ಮೆಟ್ಟಿಲ ಮೇಲಿನ ಚಾಪೆಯನ್ನು ಸುತ್ತಿದೆ. ಅಜ್ಜಿ ಈಗ ಕೋಲೂರಿಕೊಂಡು ಅಂಗಳದಲ್ಲಿ ಓಡಾಡುತ್ತಾರೆ. ಅವರ ಪ್ರಶ್ನೆ ಮಾತ್ರ ಆ ವಾರ್ಡಿನಲ್ಲಿ ಹಾಗೆಯೇ ಉಳಿದಿದೆ. ಉತ್ತರವನ್ನು ಬೆಂಕಿ ಬೀಳುವ ಮೊದಲೇ ಹುಡುಕತಕ್ಕದ್ದು.