ಹಳೆಯ ಎಫ್-100ಕ್ಕೆ ಪೊಲೀಸ್ ಕಾರಿನ ಸಸ್ಪೆನ್ಷನ್ ಬೇಕೆ?

ಫೋರ್ಡ್ ಕಂಪನಿ 1965ರಲ್ಲಿ ತನ್ನ ಎಫ್-100 ಪಿಕಪ್‌ಗೆ ‘ಟ್ವಿನ್ ಐ-ಬೀಮ್’ ಸಸ್ಪೆನ್ಷನ್ ಕೊಟ್ಟಿತು. ಅದನ್ನು ಬಿಚ್ಚಿ ತೆಗೆದು, ಗುಜರಿಯಿಂದ ತಂದ, ಪೊಲೀಸರು ಬಳಸುತ್ತಿದ್ದ ಫೋರ್ಡಿನದೇ ಕ್ರೌನ್ ವಿಕ್ಟೋರಿಯಾ ಕಾರಿನ ಮುಂಭಾಗವನ್ನು ಕೂರಿಸುವುದು ಅಮೆರಿಕದ ಹವ್ಯಾಸಿಗಳು ಕಂಡುಕೊಂಡಿರುವ ಅಗ್ಗದ ದಾರಿ. ಇದು ಸರಿಯೇ?

ಪರ

ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿ ಒರೆಸುತ್ತಿರುವವರ ವಿಷಯ ಬೇರೆ. ಮನೆಮಂದಿಯನ್ನು ಕೂರಿಸಿಕೊಂಡು ಹೈವೇಗೆ ಹೋಗುವವರು ಬಣ್ಣ, ಸೀಟು, ಎಂಜಿನ್ನು ಎಲ್ಲಕ್ಕಿಂತ ಮೊದಲು ಮಾಡಿಸಬೇಕಾದ ಕೆಲಸ ಇದು.

ಐ-ಬೀಮ್ ಗಟ್ಟಿಮುಟ್ಟಾದದ್ದು, ಒಪ್ಪಿದೆ. ತೊಡಕಿರುವುದು ಅದು ಆಡುವ ರೀತಿಯಲ್ಲಿ. ಪ್ರತಿ ಚಕ್ರವೂ ಒಂದು ಉದ್ದನೆಯ ತೊಲೆಯ, ಅಂದರೆ ಬೀಮ್‌ನ, ತುದಿಯಲ್ಲಿದೆ; ತೊಲೆಯ ಇನ್ನೊಂದು ತುದಿ ಛಾಸಿಯ ಎದುರು ಬದಿಗೆ ಸಿಕ್ಕಿಕೊಂಡಿದೆ. ತೊಲೆ ಮೇಲೆ ಕೆಳಗೆ ಆಡಿದಂತೆಲ್ಲ ಚಕ್ರ ವಾಲುತ್ತದೆ. ಐವತ್ತು ವರ್ಷದಲ್ಲಿ ಸ್ಪ್ರಿಂಗ್ ಕುಗ್ಗಿದ ಗಾಡಿಯ ಮುಂದಿನ ಟಯರುಗಳು ಒಳಬದಿಯಲ್ಲಿ ಬೋಳಾಗುವುದು ಇದರಿಂದಲೇ. ಚಕ್ರದ ಈ ವಾಲು, ಅಂದರೆ ಕ್ಯಾಂಬರ್, ಸರಿಮಾಡೋಣವೆಂದರೆ ತಿರುಗಿಸಲು ಬೋಲ್ಟ್ ಇಲ್ಲ, ತೊಲೆಯನ್ನೇ ತಣ್ಣಗಿರುವಾಗ ಒತ್ತಿ ಬಗ್ಗಿಸಬೇಕು. ಆ ಕೆಲಸ ಬಲ್ಲ ಅಲೈನ್‌ಮೆಂಟ್ ಅಂಗಡಿಗಳು ಈಗ ಎಷ್ಟು ಉಳಿದಿವೆ? ಅರವತ್ತರ ದಶಕದ ಗಾಡಿಯಾದರೆ ಮುಂದಿನ ಚಕ್ರಕ್ಕೂ ಡ್ರಮ್ ಬ್ರೇಕೇ. ನೀರು ಹೊಕ್ಕರೆ ಹಿಡಿತ ಹೋಯಿತು.

ಈಗ ಕ್ರೌನ್ ವಿಕ್ಟೋರಿಯಾ ನೋಡಿ. 2003ರಲ್ಲಿ ಫೋರ್ಡ್ ಅದರ ಮುಂಭಾಗವನ್ನು ಹೊಸದಾಗಿ ಕಟ್ಟಿತು. ಅಲ್ಯೂಮಿನಿಯಂ ಕ್ರಾಸ್‌ಮೆಂಬರ್, ಮೇಲೊಂದು ಗಿಡ್ಡ ಕೆಳಗೊಂದು ಉದ್ದ ಎ-ಆರ್ಮ್, ಸ್ಪ್ರಿಂಗಿನ ನಡುವೆಯೇ ಶಾಕ್ ಅಬ್ಸಾರ್ಬರ್, ರ‍್ಯಾಕ್ ಅಂಡ್ ಪಿನಿಯನ್ ಪವರ್ ಸ್ಟೇರಿಂಗ್, ದೊಡ್ಡ ಡಿಸ್ಕ್ ಬ್ರೇಕ್. ಬೋಲ್ಟ್ ಬಿಚ್ಚಿದರೆ ಇಷ್ಟೂ ಒಟ್ಟಿಗೆ ಕೆಳಗಿಳಿಯುತ್ತದೆ. ನಾನು ಒತ್ತಿ ಹೇಳಬೇಕೆಂದಿರುವುದು ಈ ‘ಒಟ್ಟಿಗೆ’ ಎಂಬುದನ್ನೇ. ಸಸ್ಪೆನ್ಷನ್ನಿನಲ್ಲಿ ಕಬ್ಬಿಣ ಸುಲಭ, ಅಳತೆ ಕಷ್ಟ. ಎ-ಆರ್ಮ್ ಆಡುವ ಕಮಾನಿಗೂ ಸ್ಟೇರಿಂಗಿನ ಟೈ ರಾಡ್ ಆಡುವ ಕಮಾನಿಗೂ ತಾಳೆಯಾಗದಿದ್ದರೆ, ರಸ್ತೆಯ ಪ್ರತಿ ಉಬ್ಬಿನಲ್ಲೂ ಚಕ್ರ ತಾನಾಗಿಯೇ ಅತ್ತಿತ್ತ ತಿರುಗುತ್ತದೆ, ಕೈ ಸ್ಟೇರಿಂಗ್ ಮೇಲೆ ಅಲುಗದೆ ಇದ್ದರೂ. ಬಿಡಿಬಿಡಿಯಾಗಿ ತಂದು ಮನೆಯಲ್ಲಿ ವೆಲ್ಡ್ ಮಾಡಿದ ಮುಂಭಾಗಗಳಿಗೆ ಈ ದೋಷ ಬೇಗ ಅಂಟುತ್ತದೆ. ಕ್ರೌನ್ ವಿಕ್ಟೋರಿಯಾದಲ್ಲಿ ಆ ಲೆಕ್ಕವನ್ನು ಫೋರ್ಡಿನ ಎಂಜಿನಿಯರುಗಳು ಮುಗಿಸಿಟ್ಟಿದ್ದಾರೆ. ನೀವು ಅದನ್ನು ಛಾಸಿಗೆ ಮಟ್ಟವಾಗಿ, ನೇರವಾಗಿ ಕೂರಿಸಿದರೆ ಸಾಕು.

ದುಡ್ಡಿನ ಮಾತು. ಅಮೆರಿಕದ ಪೊಲೀಸರೂ ಟ್ಯಾಕ್ಸಿಯವರೂ ಈ ಕಾರನ್ನು 2011ರಲ್ಲಿ ತಯಾರಿಕೆ ನಿಲ್ಲುವವರೆಗೂ ಕೊಂಡರು. ಇದೇ ಅಡಿಪಾಯದ ಮರ್ಕ್ಯುರಿ ಗ್ರ್ಯಾಂಡ್ ಮಾರ್ಕ್ವಿಸ್, ಲಿಂಕನ್ ಟೌನ್ ಕಾರ್ ಬೇರೆ ಇವೆ. ಗುಜರಿಯಲ್ಲಿ ಕೆಲವು ನೂರು ಡಾಲರಿಗೆ ಇಡೀ ಮುಂಭಾಗ ಸಿಗುತ್ತದೆ. ಬಾಲ್ ಜಾಯಿಂಟ್, ಬ್ರೇಕ್ ಪ್ಯಾಡು, ಹಬ್ ಅಮೆರಿಕದ ಯಾವ ಊರಿನ ಬಿಡಿಭಾಗದ ಅಂಗಡಿಯಲ್ಲೂ ಇವೆ. ಇದರ ಬದಲು ಬಹಳ ಜನ ಹೇಳುವ ‘ಮಸ್ಟಾಂಗ್ II’ ಮುಂಭಾಗದ ಕಿಟ್ಟಿಗೆ ಸಾವಿರಾರು ಡಾಲರ್ ಬೇಕು, ಅದರ ಮೂಲ ವಿನ್ಯಾಸ 1974ರಿಂದ 78ರವರೆಗೆ ಬಂದ ಒಂದು ಸಣ್ಣ ಕಾರಿನದು. ಕ್ರೌನ್ ವಿಕ್ಟೋರಿಯಾದ್ದು ಎಫ್-100ರಷ್ಟೇ ಭಾರದ ಕಾರನ್ನು ಹೊತ್ತು ಹಗಲೂ ರಾತ್ರಿ ದುಡಿದ ಕಬ್ಬಿಣ.

ಹಿಂದೆ ಮುಂದೆ ಒಂದೇ ಚಕ್ರ ಕೂರಲು ಹಿಂದಿನ ಆಕ್ಸಲ್ ಕೂಡ ಬದಲಿಸಬೇಕಾಗುತ್ತದಲ್ಲ ಎನ್ನುತ್ತಾರೆ. ಬದಲಿಸಿ, ಅದೇ ಕಾರಿನಲ್ಲಿ ಅದೂ ಇದೆ. ಛಾಸಿ ಕತ್ತರಿಸಿ ವೆಲ್ಡ್ ಮಾಡಲು ಬಾರದವರು ಬಲ್ಲವರಿಂದ ಮಾಡಿಸಲಿ. ಅಲ್ಲಿ ಮಾತ್ರ ದುಡ್ಡು ಉಳಿಸಬೇಡಿ.

ವಿರೋಧ

ನನ್ನ ಆಕ್ಷೇಪಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಖರ್ಚು. ಗುಜರಿಯ ಸಸ್ಪೆನ್ಷನ್ ಅಗ್ಗ, ಅದರ ಹಿಂದೆ ಬರುವುದು ಅಗ್ಗವಲ್ಲ. ಎಫ್-100ರ ಚಕ್ರದ ಐದು ಬೋಲ್ಟುಗಳು 5.5 ಇಂಚಿನ ವೃತ್ತದಲ್ಲಿವೆ, ಕ್ರೌನ್ ವಿಕ್ಟೋರಿಯಾದವು 4.5 ಇಂಚಿನಲ್ಲಿ. ಹಳೆಯ ಚಕ್ರ ಮುಂದೆ ಕೂರುವುದಿಲ್ಲ, ಹೊಸದು ಹಿಂದೆ ಕೂರುವುದಿಲ್ಲ. ಮಡ್‌ಗಾರ್ಡಿನಿಂದ ಹೊರಗೆ ಚಾಚದಂತೆ ಒಳಕ್ಕೆ ಕೂರುವ ಆಫ್‌ಸೆಟ್ಟಿನ ಚಕ್ರಗಳನ್ನೇ ಹುಡುಕಬೇಕು. ಸ್ಟೇರಿಂಗ್ ಕೋಲಿಗೆ ಹೊಸ ಜಾಯಿಂಟುಗಳು, ಎಂಜಿನ್ ಮೌಂಟು, ಆಯಿಲ್ ಪ್ಯಾನ್ ಕ್ರಾಸ್‌ಮೆಂಬರಿಗೆ ತಾಗಿದರೆ ಬೇರೆ ಪ್ಯಾನ್. ಹಿಂದಿನ ಆಕ್ಸಲನ್ನೂ ಬದಲಿಸಿ ಎಂದು ಪರವಾದಿಗಳೇ ಹೇಳುತ್ತಿದ್ದಾರೆ.

ಎರಡನೆಯದು, ಕತ್ತರಿಸಿದ ಛಾಸಿ ಮೊದಲಿನಂತಾಗುವುದಿಲ್ಲ. ವೆಲ್ಡಿಂಗ್ ಓರೆಯಾದರೆ ಕಂಪನಿಯ ಅಳತೆಯೂ ಉಪಯೋಗಕ್ಕೆ ಬಾರದು.

ಮೂರನೆಯದು, ಗಾಡಿಯ ಮೂತಿ ಕೆಳಗಿಳಿಯುತ್ತದೆ. ಹೊಲದ ದಾರಿಯಲ್ಲಿ ಹೋಗುವವರಿಗೆ ಅದು ನಷ್ಟ.

ನಾಲ್ಕನೆಯದು ನಮ್ಮೂರಿನವರಿಗೆ. ಭಾರತದಲ್ಲಿ 2021ರ ವಿಂಟೇಜ್ ವಾಹನ ನಿಯಮ 50 ವರ್ಷ ದಾಟಿದ ಗಾಡಿಗೆ ಪ್ರತ್ಯೇಕ ನೋಂದಣಿ ಕೊಡುತ್ತದೆ. ಆದರೆ ಛಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಮೆರಿಕದವರನ್ನು ನೋಡಿ ಬೆಂಗಳೂರಿನಲ್ಲಿ ಕಟ್ಟರ್ ಹಿಡಿಯುವ ಮೊದಲು ಇದನ್ನು ಓದಿಕೊಳ್ಳಿ.

ಹಾಗಾದರೆ ಏನು ಮಾಡಬೇಕು? ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲಾದ ಕಿಂಗ್‌ಪಿನ್ ಹೊಸದು, ತೊಲೆಯ ಬುಷ್, ರೇಡಿಯಸ್ ಆರ್ಮಿನ ಬುಷ್, ಟೈ ರಾಡಿನ ತುದಿಗಳು, ಒಳ್ಳೆಯ ಶಾಕ್ ಅಬ್ಸಾರ್ಬರ್, ರೇಡಿಯಲ್ ಟಯರ್. ಗಾಡಿ ರಸ್ತೆಯಲ್ಲಿ ಅತ್ತಿತ್ತ ಎಳೆದಾಡುವುದು ಬಹುಪಾಲು ಇಷ್ಟಕ್ಕೇ ನಿಲ್ಲುತ್ತದೆ. ಡಿಸ್ಕ್ ಬ್ರೇಕ್ ಬೇಕೆಂದವರು ಎಪ್ಪತ್ತರ ದಶಕದ ಕೊನೆಯ ಎಫ್-100ರಿಂದ ಡಿಸ್ಕ್ ಸಮೇತ ಬೀಮ್‌ಗಳನ್ನೇ ತಂದು ಹಾಕಿಕೊಳ್ಳುವುದುಂಟು. ಕತ್ತರಿಸುವ ಪ್ರಶ್ನೆಯೇ ಇಲ್ಲ.

ಟಯರ್ ಸವೆತದ ಬಗ್ಗೆ ಅವರು ಹೇಳಿದ್ದು ನಿಜ. ಬೀಮ್ ಬಗ್ಗಿಸುವವರು ಕಡಿಮೆಯಾಗಿರುವುದೂ ನಿಜ. ಕಿಂಗ್‌ಪಿನ್ ಕೂರುವ ತೂತೇ ಸವೆದು ಅಗಲವಾಗಿ, ಹಿಂದಿನ ಆಕ್ಸಲೂ ಕೆಟ್ಟಿದ್ದರೆ ಅವರ ದಾರಿಯೇ ಅಗ್ಗ ಬೀಳಬಹುದು. ಮಳೆಯಲ್ಲಿ ಹೈವೇಗೆ ಹೋಗಬೇಕಾದರೆ ಅವರ ಗಾಡಿಯನ್ನೇ ನಾನೂ ಹತ್ತಿಯೇನು. ಆದರೂ ಮೊದಲು ಬುಷ್ ಬದಲಿಸಿ ಒಮ್ಮೆ ಓಡಿಸಿ ನೋಡಿ. ಆಮೇಲೂ ಕತ್ತರಿಸಲೇಬೇಕು ಅನ್ನಿಸಿದರೆ, ಬಿಚ್ಚಿದ ಬೀಮ್ ಮತ್ತು ರೇಡಿಯಸ್ ಆರ್ಮುಗಳನ್ನು ಗುಜರಿಗೆ ಹಾಕಬೇಡಿ. ಅವಕ್ಕಾಗಿ ಹುಡುಕುತ್ತಿರುವವರಿಗೆ ಕೊಡಿ.